ದುವೈಶ್‌ನ ತಕರಾರು ಗಡಿಯದ್ದೂ ಆಗಿತ್ತು

ಫೈಸಲ್ ಅಲ್-ದುವೈಶ್ ಬಗ್ಗೆ ಬರೆಯುವವರು ಅವನನ್ನು 'ಹೊಸತನ ಒಪ್ಪದ ಮತಾಂಧ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಇವನು ಅರೇಬಿಯಾದ ಮುತೈರ್ ಬುಡಕಟ್ಟಿನ ಮುಖ್ಯಸ್ಥ. 1910ರ ದಶಕದಲ್ಲಿ, ಮುಂದೆ ಸೌದಿ ಅರೇಬಿಯಾದ ರಾಜನಾದ ಇಬ್ನ್ ಸೌದ್ ಅಲೆಮಾರಿ ಬೆದುಯಿನ್ನರನ್ನು ಒಂದೊಂದು ಕಡೆ ನೆಲೆ ನಿಲ್ಲಿಸತೊಡಗಿದ. ಬೇಸಾಯ, ಮಸೀದಿ, ಕಟ್ಟುನಿಟ್ಟಿನ ಧರ್ಮಪಾಠ, ಕರೆದಾಗ ಯುದ್ಧ. ಹೀಗೆ ಇಖ್ವಾನ್ ಪಡೆ ಹುಟ್ಟಿತು. ಅರ್ತಾವಿಯ್ಯಾದಲ್ಲಿ ಎದ್ದ ನೆಲೆಗೆ ದುವೈಶನೇ ಯಜಮಾನ. 1920ರಲ್ಲಿ ಕುವೈತಿನ ಜಹ್ರಾ ಮೇಲೆ ನುಗ್ಗಿದ. 1925ರಲ್ಲಿ ಮದೀನಾಕ್ಕೆ ಮುತ್ತಿಗೆ ಹಾಕಿದ. ಅಲ್ಲಿನ ಜನಕ್ಕೆ ಇವನೆಂದರೆ ಎಷ್ಟು ಭಯವೆಂದರೆ, ರಾಜನ ಮಗ ಬಂದರೆ ಮಾತ್ರ ಊರು ಒಪ್ಪಿಸುತ್ತೇವೆ ಎಂದರು.

ಟೆಲಿಗ್ರಾಫ್, ಕಾರು ಬೇಡವೆಂದು ಇಖ್ವಾನರು ಹಟ ಹಿಡಿದದ್ದು ನಿಜ. ಆದರೆ ಜಾಸ್ತಿ ಉರಿದದ್ದು ಗಡಿ. 1922ರಲ್ಲಿ ಉಕೈರ್‌ನಲ್ಲಿ ಬ್ರಿಟಿಷ್ ಅಧಿಕಾರಿ ಪರ್ಸಿ ಕಾಕ್ಸ್ ಇರಾಕ್, ಕುವೈತ್ ಮತ್ತು ಇಬ್ನ್ ಸೌದ್ ಆಳುತ್ತಿದ್ದ ನಜ್ದ್ ನಡುವೆ ಗೆರೆ ಎಳೆದ. ಮಳೆ ಬಿದ್ದ ಕಡೆ ಒಂಟೆ ಹೊಡೆದುಕೊಂಡು ಹೋಗುವ ಜನಕ್ಕೆ ಈ ಗೆರೆ ಏನು ಅರ್ಥವಾಗಬೇಕು? ಗಡಿ ಹತ್ತಿರದ ಬಾವಿಗಳ ಬಳಿ ಕೋಟೆ ಕಟ್ಟಬಾರದು ಎಂಬ ಮಾತೂ ಒಪ್ಪಂದದಲ್ಲಿತ್ತು. ಇರಾಕ್ ಬುಸಯ್ಯಾದಲ್ಲಿ ಪೊಲೀಸ್ ಠಾಣೆ ಕಟ್ಟಲು ಹೊರಟಿತು. ಅದು ಗಡಿಯಿಂದ ದೂರವಿದೆ ಎಂಬುದು ಬ್ರಿಟಿಷರ ವಾದ. 1927ರ ನವೆಂಬರ್‌ನಲ್ಲಿ ಮುತೈರ್ ಜನ ರಾತ್ರಿ ನುಗ್ಗಿ ಅಲ್ಲಿದ್ದ ಪೊಲೀಸರನ್ನು, ಕೆಲಸಗಾರರನ್ನು ಕೊಂದರು. ಸುಮ್ನೆ ಕೂಲಿಗೆ ಬಂದವರನ್ನು ಕೊಂದದ್ದಕ್ಕೆ ನನ್ನ ಹತ್ತಿರ ಯಾವ ಸಮಜಾಯಿಷಿಯೂ ಇಲ್ಲ. ಬ್ರಿಟಿಷ್ ವಿಮಾನಗಳು ಬಾಂಬು ಹಾಕಿ ಉತ್ತರ ಕೊಟ್ಟವು.

ಇಬ್ನ್ ಸೌದ್ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಧರ್ಮಯುದ್ಧ ಎಂದು ಹುರಿದುಂಬಿಸಿದವನು ಅವನೇ. ಮೆಕ್ಕಾ, ಮದೀನಾ ಇರುವ ಹಿಜಾಜ್ ಕೈಗೆ ಬಂದ ಮೇಲೆ ಸಾಕು, ನಿಲ್ಲಿಸಿ ಎಂದವನೂ ಅವನೇ. ದುವೈಶ್ ಮತ್ತು ಅವನ ಜೊತೆಗಿದ್ದ ಇಖ್ವಾನರು ಅವನ ಮೇಲೇ ತಿರುಗಿಬಿದ್ದರು.

1929ರ ಮಾರ್ಚ್‌ನಲ್ಲಿ ಸಬಿಲಾದಲ್ಲಿ ರಾಜನ ಮೆಷಿನ್‌ಗನ್ನುಗಳ ಎದುರು ಬಂಡೆದ್ದ ಇಖ್ವಾನರು ಸೋತರು. ಹೊಟ್ಟೆಗೆ ಗುಂಡು ತಗುಲಿದ್ದ ದುವೈಶನನ್ನು ಡೋಲಿಯಲ್ಲಿ ಹೊತ್ತು ತಂದರು. ಜೊತೆಗೆ ಅಳುತ್ತಾ ಬಂದ ಮನೆಯ ಹೆಂಗಸರು ಪ್ರಾಣಭಿಕ್ಷೆ ಬೇಡಿದರು. ರಾಜ ಕ್ಷಮಿಸಿದ, ತನ್ನ ವೈದ್ಯನನ್ನೂ ಕಳಿಸಿದ. ಸಾಯುತ್ತಾನೆ ಎಂದುಕೊಂಡಿದ್ದವನು ಬದುಕಿ ಮತ್ತೆ ಬಂಡೆದ್ದ. ಅದೇ ಬೇಸಿಗೆಯಲ್ಲಿ ಮಗ ಅಬ್ದುಲ್ ಅಜೀಜ್ ಮರಳುಗಾಡಿನಲ್ಲಿ ಸತ್ತ. 1930ರ ಜನವರಿಯಲ್ಲಿ ದುವೈಶ್ ಕುವೈತ್ ಕಡೆ ಓಡಿ ಬ್ರಿಟಿಷರಿಗೆ ಶರಣಾದ. ಕೊಲ್ಲಬಾರದೆಂಬ ಷರತ್ತಿನ ಮೇಲೆ ಅವರು ಅವನನ್ನು ರಾಜನಿಗೆ ಒಪ್ಪಿಸಿದರು. 1931ರಲ್ಲಿ ರಿಯಾದ್‌ನ ಜೈಲಿನಲ್ಲೇ ತೀರಿಕೊಂಡ.

ರಾಜನಿಗೆ ನಿಷ್ಠರಾಗಿ ಉಳಿದ ಇಖ್ವಾನರಿಂದಲೇ ಮುಂದೆ ಸೌದಿಯ ನ್ಯಾಷನಲ್ ಗಾರ್ಡ್ ಬೆಳೆಯಿತು. ಬುಡಕಟ್ಟಿನ ಯೋಧರು ಆ ದೇಶಕ್ಕೆ ಬೇಕಾಗಿದ್ದರು, ಸ್ವಂತ ಮಾತಿರುವ ಮುಖ್ಯಸ್ಥ ಬೇಡವಾಗಿದ್ದ.