ಗ್ರಹಗಳ ಪಂಜಿನ ಕವಾಯತು

ಗ್ರಹಗಳ ಪರೇಡ್ ಮತ್ತೆ ಬಂದಿದೆಯಂತೆ. ಬನ್ನಿಮಂಟಪದ ಪಂಜಿನ ಕವಾಯತಿಗೆ ಪಾಸ್ ಸಿಗದವರು ಇನ್ನು ಬೇಸರಪಡಬೇಕಿಲ್ಲ. ಟೀವಿಯ ಚಿತ್ರದಲ್ಲಂತೂ ಏಳೂ ಗ್ರಹಗಳು ಬೋಂಡದಂಗಡಿಯ ತಟ್ಟೆಯಲ್ಲಿಟ್ಟ ಹಾಗೆ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಪಕ್ಕದ ಕಿಟಕಿಯಲ್ಲಿ ಜ್ಯೋತಿಷಿಗಳು ಯುರೇನಸ್, ನೆಪ್ಚೂನ್‌ಗಳಿಗೂ ಪರಿಹಾರ ಹೇಳುತ್ತಿದ್ದಾರೆ. ನವಗ್ರಹದ ಗುಡಿಯಲ್ಲಿ ಇವೆರಡಕ್ಕೂ ಕಲ್ಲೇ ಇಲ್ಲ, ಎಳ್ಳುದೀಪ ಎಲ್ಲಿ ಹಚ್ಚಬೇಕೋ.

ಗ್ರಹಗಳು ಸಾಲಾಗಿ ಕಾಣುವುದು ಸುದ್ದಿಯೇ ಅಲ್ಲ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುತ್ತವೆ. ಕಣದಲ್ಲಿ ಮೇಟಿ ಸುತ್ತುವ ಎತ್ತುಗಳ ಹಾಗೆ. ಒಂದು ಎತ್ತಿನ ಕಣ್ಣಿಗೆ ಉಳಿದವು ಒಂದೇ ಮಟ್ಟದಲ್ಲಿ ಕಾಣದೆ ಒಂದು ನೆಲದಲ್ಲಿ, ಇನ್ನೊಂದು ಅಟ್ಟದಲ್ಲಿ ಕಾಣುತ್ತವೆಯೇ? ನಾಲ್ಕೈದು ಗ್ರಹಗಳು ಒಂದೇ ಸಂಜೆ ಮೇಲಿರುತ್ತವೆ, ವಿಶೇಷ ಅಷ್ಟೆ. 2025ರ ಜನವರಿ, ಫೆಬ್ರವರಿಯಲ್ಲಿ ಆರು ಗ್ರಹ ಎಂದು ಡಂಗುರ ಹೊಡೆದರಲ್ಲ, ಬರಿಗಣ್ಣಿಗೆ ಕಂಡಿದ್ದು ನಾಲ್ಕೇ. ಒಳ್ಳೆಯ ಕತ್ತಲಿದ್ದರೂ ಕಣ್ಣಿನ ಶಕ್ತಿ ಸುಮಾರು 6ನೇ ಕಾಂತಿಮಾನದವರೆಗೆ, ಈ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ಮಂಕು. ಯುರೇನಸ್ 5.7, ಅಂಚಿನಲ್ಲಿ ತೂಗಾಡುತ್ತದೆ. ನೆಪ್ಚೂನ್ 7.8, ಬೈನಾಕ್ಯುಲರ್ ಇಲ್ಲದೆ ಆಗುವ ಮಾತಲ್ಲ.

ಇರಲಿ, ನಮ್ಮವರು ವೀಕ್ಷಣಾ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಫ್ಲೆಕ್ಸಿನಲ್ಲಿ ಗುರು ಗ್ರಹ ಗೋಲಿಯಷ್ಟು, ಮುಖಂಡರ ಮುಖ ಮರದಷ್ಟು. ಸಮಯ ಆರೂವರೆ, ಗಣ್ಯರು ಬಂದದ್ದು ಎಂಟೂಕಾಲಿಗೆ. ನಾಡಗೀತೆ, ಹಾರ ತುರಾಯಿ ಮುಗಿಯುವಷ್ಟರಲ್ಲಿ ಪಡುವಣದಲ್ಲಿದ್ದದ್ದೆಲ್ಲ ಮುಳುಗಿ ತಣ್ಣಗಾಯಿತು. ಶನಿ ಯಾರಿಗೂ ಕಾಯುವವನಲ್ಲ, ಕಾಡುವವನು.

ಪಾಪದ್ದು ಟೆಲಿಸ್ಕೋಪು. ಎಂಟು ಇಂಚಿನ ಕನ್ನಡಿಯ, ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್, ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಬೆಂದು ಬಂದಿದೆ. ಆ ದಪ್ಪ ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಕೊಳವೆಯೊಳಗೆ ಬಿಸಿಗಾಳಿ ಏಳುತ್ತಲೇ ಇರುತ್ತದೆ, ಗುರು ಗ್ರಹ ಕುದಿಯುವ ಎಸರಿಗೆ ಬಿದ್ದ ಹಿಟ್ಟಿನುಂಡೆಯ ಹಾಗೆ ಅದುರುತ್ತದೆ. ಹುಲ್ಲಿನ ಮೇಲೆ ಇಡೋಣವೆಂದರೆ ಅಲ್ಲಿ ಶಾಮಿಯಾನ. ಹಾಗಾಗಿ ದಿನವಿಡೀ ಕಾದ ಕಾಂಕ್ರೀಟೇ ಗತಿ, ಅದರ ಹಬೆಯೂ ಸೇರಿಕೊಂಡಿತು. ಬೆಳಕಿದ್ದಾಗಲೇ ದೂರದ ಮೊಬೈಲ್ ಟವರಿನ ತುದಿ ನೋಡಿ ಫೈಂಡರ್, ಅಂದರೆ ಗುರಿ ಹಿಡಿಯುವ ಪುಟ್ಟ ದುರ್ಬೀನು, ಹೊಂದಿಸಿದ್ದರೆ, ಉದ್ಘಾಟನೆಯ ಹಾರವನ್ನು ಅದಕ್ಕೇ ಸಿಕ್ಕಿಸಿ ಕೆಡಿಸಿದರು. ಅರಿಶಿನ ಕುಂಕುಮ ಕೊಳವೆಗಷ್ಟೇ ಬಿದ್ದದ್ದು ಪುಣ್ಯ. ಕನ್ನಡಿಗೆ ಬಿದ್ದಿದ್ದರೆ ಬಟ್ಟೆಯಲ್ಲಿ ಒರೆಸುವ ಹಾಗೂ ಇಲ್ಲ, ಅಲ್ಯೂಮಿನಿಯಂ ಲೇಪವೇ ಗೀರಿಹೋಗುತ್ತದೆ.

ಮೋಟಾರಿಲ್ಲದ ಟೆಲಿಸ್ಕೋಪಿನಲ್ಲಿ 150 ಪಟ್ಟು ಹಿಗ್ಗಿಸಿ ನೋಡಿದರೆ, ಸಾಧಾರಣ ಐಪೀಸಿನಲ್ಲಿ (ಕಣ್ಣಿಡುವ ಮಸೂರ) ಗ್ರಹ ಒಂದಂಚಿನಿಂದ ಇನ್ನೊಂದಂಚಿಗೆ ಜಾರಿಹೋಗಲು ಒಂದೂಕಾಲು ನಿಮಿಷ ಸಾಕು. ಗಣ್ಯರು ಕನ್ನಡಕ ತೆಗೆದು, ಶಲ್ಯ ಸರಿಮಾಡಿಕೊಂಡು, ಬಗ್ಗಿ, ಫೋಟೋದವನು ‘ಸಾರ್ ಈ ಕಡೆ’ ಅಂದಾಗ ಆ ಕಡೆ ನಕ್ಕು, ಮತ್ತೆ ಬಗ್ಗುವ ಹೊತ್ತಿಗೆ ಗ್ರಹ ಊರು ಬಿಟ್ಟಿತ್ತು.

‘ಕಾಣ್ತಾ ಸಾರ್?’

‘ಬೋ ಸಂದಾಗದೆ ಕಣಪ್ಪ!’

ಅವರು ಕಂಡದ್ದು ಐಪೀಸಿನ ಗಾಜಿನಲ್ಲಿ ಹೊಳೆದ ಹೈಮಾಸ್ಟ್ ಲೈಟನ್ನು.

ಅಸಲಿ ಕಥಾನಾಯಕ ಅವನೇ. ಮೈಸೂರಿನ ರಿಂಗ್ ರೋಡಿನಿಂದ ಮಂಡ್ಯದ ಕೊನೆಯ ಹಳ್ಳಿಯ ಮಾರಿಗುಡಿಯವರೆಗೆ ಸರ್ಕಲ್ ಇದ್ದಲ್ಲೆಲ್ಲ ಒಂದು ಕಂಬ, ಕಂಬದ ತಲೆಯಲ್ಲಿ ಆರೆಂಟು ಎಲ್‌ಇಡಿ ಫ್ಲಡ್‌ಲೈಟು. ಅವನ್ನು ನೆಲಕ್ಕೆ ಮುಖ ಮಾಡಿಸಿ ಕೂರಿಸಬೇಕು. ನಮ್ಮಲ್ಲಿ ಓರೆಯಾಗಿ ಎತ್ತಿ ಕೂರಿಸುತ್ತಾರೆ, ದೂರಕ್ಕೆ ಕಾಣಲೆಂದು. ದೂರಕ್ಕೆ ಕಾಣುವುದು ರಸ್ತೆಯಲ್ಲ, ದೀಪ. ಮೇಲಕ್ಕೆ ಸೋರಿದ ಬೆಳಕು ಗಾಳಿಯ ಕಣಗಳಿಗೆ ತಾಗಿ ಚದುರಿ, ಆಕಾಶಕ್ಕೆ ನೀರು ಹಾಲಿನ ಬಣ್ಣ ಬರುತ್ತದೆ. ಹಳೆಯ ಸೋಡಿಯಂ ದೀಪದ ಹಳದಿಗಿಂತ ಬಿಳಿ ಎಲ್‌ಇಡಿಯಲ್ಲಿರುವ ನೀಲಿ ಹೀಗೆ ಚದುರುವುದು ಹೆಚ್ಚುಕಡಿಮೆ ಮೂರು ಪಟ್ಟು. ಸೋಡಿಯಂ ಕಾಲದಲ್ಲಿ ಆ ಹಳದಿಯೊಂದನ್ನೇ ತಡೆಯುವ ಫಿಲ್ಟರ್ ಹಾಕಿಕೊಂಡಾದರೂ ಬದುಕಬಹುದಿತ್ತು. ಎಲ್‌ಇಡಿ ಎಲ್ಲ ಬಣ್ಣದಲ್ಲೂ ಹರಡಿಕೊಂಡಿದೆ, ಅದನ್ನು ತಡೆಯಲು ಹೋದರೆ ನಕ್ಷತ್ರದ ಬೆಳಕೂ ಜೊತೆಗೇ ಹೋಗುತ್ತದೆ.

ನ್ಯಾಯ ಹೇಳಬೇಕೆಂದರೆ ಗುರು, ಶುಕ್ರರಿಗೆ ಇದರಿಂದ ತೊಂದರೆಯಿಲ್ಲ. ನಗರದ ನಡುವೆಯೂ ಕಾಣುವಷ್ಟು ಗಟ್ಟಿಗರು ಅವರು. ಸಾಯುವುದು ಆಕಾಶಗಂಗೆ, ಸಾಯುವುದು ಗೆಲಾಕ್ಸಿಗಳು. ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು ಹೊರಟು 25 ಲಕ್ಷ ವರ್ಷವಾಯಿತು. ದಾರಿಯಲ್ಲಿ ಯಾರೂ ಅಡ್ಡ ಹಾಕಲಿಲ್ಲ. ಕೊನೆಗೆ ಮಾರಿಗುಡಿ ಸರ್ಕಲ್ಲಿನಲ್ಲಿ, ಕೊನೆಯ ಹನ್ನೆರಡು ಮೀಟರಿನಲ್ಲಿ, ಅಭಿವೃದ್ಧಿಗೆ ಡಿಕ್ಕಿ ಹೊಡೆದು ಪ್ರಾಣ ಬಿಟ್ಟಿತು.

ದೀಪ ನಮಗೆ ಹೊಸದೇನಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಹುಟ್ಟಿತು, ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ. ಹುಟ್ಟಿದ್ದು ಇಲ್ಲಿ, ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರು, 1908ರಲ್ಲಿ ಮೈಸೂರು. ಹತ್ತಿರದವರಿಗೆ ಕೊನೆಯ ಪಂಕ್ತಿ, ಇರಲಿ. ಅರಮನೆಯನ್ನೇ ನೋಡಿ. ಲಕ್ಷದ ಹತ್ತಿರ ಬಲ್ಬು, ಆದರೂ ಅದರ ಮೇಲೆ ಯಾವ ಖಗೋಳಪ್ರಿಯನೂ ದೂರು ಹೇಳುವುದಿಲ್ಲ. ಭಾನುವಾರ, ರಜೆಯ ದಿನ ಸಂಜೆ ಏಳಕ್ಕೆ ಹತ್ತಿ, ಜನ ‘ಓ’ ಅಂದು, ಎಂಟಾಗುವುದರೊಳಗೆ ಆರಿಹೋಗುತ್ತದೆ. ರಾಜರ ಮನೆಯ ದೀಪಕ್ಕಿರುವ ಹೊತ್ತಿನ ಪರಿಜ್ಞಾನ ಪ್ರಜೆಗಳ ದೀಪಕ್ಕಿಲ್ಲ.

ಕತ್ತಲು ಕೇಳಿದರೆ ‘ಚಿರತೆ ಬಂದರೆ ನೀವು ಬರ್ತೀರಾ’ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಟಿ. ನರಸೀಪುರದ ಕಡೆಯವರಿಗೆ ಅದು ತಮಾಷೆಯಲ್ಲ. ಆದರೆ ಚಿರತೆ ಇರುವುದು ಕಬ್ಬಿನ ಗದ್ದೆಯಲ್ಲಿ, ಹೈಮಾಸ್ಟ್ ಇರುವುದು ಬಸ್‌ಸ್ಟ್ಯಾಂಡಿನಲ್ಲಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವುದು ಎಷ್ಟೋ ಕಡೆ ರಾತ್ರಿ. ಮನುಷ್ಯ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗುದ್ದಲಿ ಹಿಡಿದು, ಹಾವು ಚಿರತೆ ಎರಡಕ್ಕೂ ಹೆದರುತ್ತ ನೀರು ಕಟ್ಟಲು ಹೋಗುತ್ತಾನೆ. ಅದೇ ಹೊತ್ತಿಗೆ ಬಸ್ಸೂ ಇಲ್ಲದ, ನಾಯಿಯೂ ಎದ್ದಿರದ ಬಸ್‌ಸ್ಟ್ಯಾಂಡಿನಲ್ಲಿ ಒಂದೂವರೆ ಸಾವಿರ ವ್ಯಾಟು ಬೆಳಗಿನವರೆಗೆ ಮೋಡಕ್ಕೆ ಬೆಳಕು ಹಿಡಿದಿರುತ್ತದೆ. ಅವನಿಗೆ ಹಗಲು ಕರೆಂಟು ಕೊಡಿ ಎಂದು ಕೇಳಿ ಕೇಳಿ ಸಾಕಾಗಿದೆ. ಇದಕ್ಕೆ ನಗು ಬರಿಸುವುದು ನನಗೆ ಗೊತ್ತಿಲ್ಲ.

ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ಕನ್ನಡಿಯ ‘ಚಂದ್ರ’ ದೂರದರ್ಶಕವಿದೆ, ವಿಜ್ಞಾನಿ ಚಂದ್ರಶೇಖರರ ಹೆಸರಿನದು. ಅದನ್ನು ತಿರುಗಿಸುವವರು ಹೊಸಕೋಟೆಯಲ್ಲಿ ಕೂತಿರುತ್ತಾರೆ, ಉಪಗ್ರಹದ ಸಂಪರ್ಕದಲ್ಲಿ. ಅಲ್ಲಿನ ಹಳ್ಳಿಯವರು ಕತ್ತಲು ಉಳಿಸಲು ದೀಪಕ್ಕೆ ಮರೆ ಕಟ್ಟಿಕೊಂಡಿದ್ದಾರೆ. ಕರ್ನಾಟಕದ ಕುರ್ಚಿಯಿಂದ ಆಕಾಶ ನೋಡಲು ಲಡಾಖಿನವರು ದೀಪ ತಗ್ಗಿಸಬೇಕು. ನಮ್ಮಲ್ಲಿ ತಗ್ಗಿಸಬೇಕಾದರೆ ಮೊದಲು ಸ್ವಿಚ್ಚಿನ ಡಬ್ಬಿಯ ಬೀಗದ ಕೈ ಹುಡುಕಬೇಕು.

ಅಂದು ರಾತ್ರಿಯೂ ಹುಡುಕಿದರು. ‘ಹತ್ತೇ ನಿಮಿಷ ಆರಿಸಿ, ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು, ಅರ್ಧವಾದರೂ ಸಿಗಲಿ’ ಎಂದು ಟೆಲಿಸ್ಕೋಪಿನವರು ಬೇಡಿಕೊಂಡರು. ಟೈಮರ್ ಸುಟ್ಟು ವರ್ಷವಾಗಿದೆ. ಬೀಗದ ಕೈ ನೀರುಗಂಟಿಯ ಸೊಂಟದಲ್ಲಿ. ಬೆಳಿಗ್ಗೆ ಟ್ಯಾಂಕಿನ ವಾಲ್ವ್ ತಿರುಗಿಸಲು ಬಂದಾಗ ದೀಪವನ್ನೂ ಆರಿಸಿ ಹೋಗುತ್ತಾನೆ. ನೀರು ಬಿಡದ ದಿನ ಅವನು ಬರುವುದಿಲ್ಲ, ಅಂದು ಮಧ್ಯಾಹ್ನದ ಬಿಸಿಲಲ್ಲೂ ಹೈಮಾಸ್ಟ್ ಉರಿಯುತ್ತಿರುತ್ತದೆ, ಸೂರ್ಯನ ಪಕ್ಕದಲ್ಲೇ.