ಆರು ಜಾಗವೋ, ಮೂರು ಜಾಗವೋ?

ಪಕ್ಕದ ತೋಟದ ಅಕ್ಕ ಹೋಮ್‌ಸ್ಟೇ ನಡೆಸುತ್ತಾರೆ. ಒಂದು ದಿನದ ಸುತ್ತಾಟದಲ್ಲಿ ಏನೇನು ತೋರಿಸುತ್ತೇವೆ ಅಂತ ಇಂಗ್ಲಿಷ್‌ನಲ್ಲಿ ಬರೆದು ರೂಮಿನ ಗೋಡೆಗೆ ಅಂಟಿಸಿದ್ದರು. ಪಟ್ಟಿ ಹೀಗಿತ್ತು: ರಾಜಾಸೀಟ್, ಮಡಿಕೇರಿ, ಗೋಲ್ಡನ್ ಟೆಂಪಲ್, ಬೈಲುಕುಪ್ಪೆ, ಆನೆ ಕ್ಯಾಂಪ್, ದುಬಾರೆ. ಹೋದ ವಾರ ಬಂದ ಗೆಸ್ಟ್ ಒಬ್ಬರು ಬೆರಳು ಮಡಿಚಿ ಲೆಕ್ಕ ಹಾಕಿ, "ಆರು ಜಾಗ ಅಂತ ಬರೆದು ಮೂರೇ ತೋರಿಸಿದ್ರಲ್ಲ?" ಅಂದರಂತೆ. ಅಕ್ಕ ಹಾಳೆ ಕಿತ್ತುಕೊಂಡು ಸೀದಾ ನಮ್ಮನೆಗೆ ಬಂದರು. "ನೋಡು ಮಾರಾಯ, ಆರು ಅಂತ ಎಲ್ಲಿ ಬರೆದಿದ್ದೀನಿ?"

ಅಕ್ಕ ಬರೆದಿರಲಿಲ್ಲ. ಕಾಮಾ ಬರೆದಿತ್ತು.

ಮಡಿಕೇರಿ, ಬೈಲುಕುಪ್ಪೆ ಆದ ಮೇಲಿದ್ದ ಕಾಮಾಗಳ ತಲೆ ಮೇಲೆ ಪೆನ್ನಿನಿಂದ ಒಂದೊಂದು ಚುಕ್ಕಿ ಇಟ್ಟೆ. ಅಷ್ಟೇ. ಒಂದೊಂದು ಜಾಗ ಅದರ ಊರಿನ ಜೊತೆ ಸೇರಿ, ಆರು ಜಾಗ ಮೂರಾಯಿತು. ಪಟ್ಟಿಯ ಒಂದೊಂದು ಹೆಸರಿನೊಳಗೇ ಕಾಮಾ ಇದ್ದರೆ ಒಂದೊಂದನ್ನು ಬೇರೆ ಮಾಡೋದು ಸೆಮಿಕೋಲನ್ ಕೆಲಸ.

ಇದಕ್ಕೆ ಜನ ಯಾಕೆ ಹೆದರುತ್ತಾರೋ ಗೊತ್ತಿಲ್ಲ. ಶಾಲೆಯಲ್ಲಿ ಅರ್ಧವಿರಾಮ ಅಂತ ಓದಿದ್ದು ಇದನ್ನೇ ಅಲ್ವಾ? 1490ರ ದಶಕದಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ ಇದನ್ನು ಅಚ್ಚಿಗೆ ತಂದದ್ದು ಕಾಮಾಕ್ಕಿಂತ ಜಾಸ್ತಿ, ಕೋಲನ್‌ಗಿಂತ ಕಮ್ಮಿ ನಿಲ್ಲಲಿ ಅಂತ. "ರೋಬಸ್ಟಾ ಕಾಫಿ ರೇಟ್ ಏರಿತು, ನಮ್ಮ ಮೂಟೆ ಆಗಲೇ ಮಾರಿಯಾಗಿತ್ತು." ಎರಡೂ ಒಂಟಿಯಾಗಿ ನಿಲ್ಲುವ ವಾಕ್ಯಗಳೇ, ಆದರೆ ಸಂಕಟ ಒಂದೇ. ಕನ್ನಡದಲ್ಲಿ ಇಲ್ಲಿ ಕಾಮಾ ಹಾಕಿದರೂ ಯಾರೂ ಕೇಳಲ್ಲ. ಇಂಗ್ಲಿಷ್‌ನಲ್ಲಿ ಅದು ತಪ್ಪು, ಅಲ್ಲಿ ಸೆಮಿಕೋಲನ್ ಬೇಕು. ಮಧ್ಯೆ 'ಬಟ್' ಬಂದರೆ ಕಾಮಾ ಸಾಕು. 'ಹೌಎವರ್' ಬಂದರೆ ಸಾಲದು, ಅದಕ್ಕೆ ಮೊದಲು ಸೆಮಿಕೋಲನ್, ಆಮೇಲೆ ಕಾಮಾ. ಆಫೀಸ್ ಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ತಿದ್ದುವುದು ಇದನ್ನೇ.

ನನ್ನ ಕೇಳಿದರೆ ಪುಟಕ್ಕೆ ಒಂದೆರಡು ಸೆಮಿಕೋಲನ್ ಸಾಕು. ಅನುಮಾನ ಬಂತಾ, ಸುಮ್ನೆ ಫುಲ್‌ಸ್ಟಾಪ್ ಇಡಿ.

ನಾವು ನಿಜವಾಗಿ ಎಡವೋದು ಕೋಲನ್‌ನಲ್ಲಿ. ಅರ್ಜಿ ತುಂಬಿ ತುಂಬಿ ಅಭ್ಯಾಸ. ಹೆಸರು, ಊರು, ತಾಲ್ಲೂಕು, ಎಲ್ಲದರ ಮುಂದೆ ಎರಡು ಚುಕ್ಕಿ. ಅರ್ಜಿಗೆ, ಬೋರ್ಡಿಗೆ ಅದು ಸರಿ. ವಾಕ್ಯದೊಳಗೆ ಬಂದರೆ ಮಾತ್ರ ಕೋಲನ್‌ಗೆ ಮೊದಲಿನ ಮಾತು ತಾನೇ ಪೂರ್ತಿಯಾಗಿರಬೇಕು. ಅಕ್ಕನ ಹಾಳೆಯ ಕೆಳಗಡೆ ಇನ್ನೊಂದು ಸಾಲಿತ್ತು: "ಬ್ರೇಕ್‌ಫಾಸ್ಟ್ ಇನ್‌ಕ್ಲೂಡ್ಸ್: ಅಕ್ಕಿರೊಟ್ಟಿ, ಕಡಂಬುಟ್ಟು, ಚಟ್ನಿ." ಇನ್‌ಕ್ಲೂಡ್ಸ್ ಅಂದ ಮೇಲೆ ಏನು ಅಂತ ಹೇಳುವ ಮೊದಲೇ ಬಾಗಿಲು ಹಾಕಿದ ಹಾಗೆ. ಒಂದೋ ಕೋಲನ್ ತೆಗೀಬೇಕು, ಇಲ್ಲ "ವಿ ಸರ್ವ್ ತ್ರೀ ಥಿಂಗ್ಸ್" ಅಂತ ಮುಗಿಸಿ ಕೋಲನ್ ಇಡಬೇಕು.

ಇಷ್ಟನ್ನೂ ವಿವರಿಸಿದೆ. ಅಕ್ಕ ಸಮಾಧಾನವಾಗಿ ಕೇಳಿಸಿಕೊಂಡು, "ಅದು ಇರಲಿ ಬಿಡು, ನೋಡೋಕೆ ಚೆಂದ ಕಾಣ್ತದೆ" ಅಂದರು. ಹಾಳೆ ಮತ್ತೆ ಗೋಡೆ ಸೇರಿದೆ, ಎರಡು ಸೆಮಿಕೋಲನ್ ಮತ್ತು ಆ ಕೋಲನ್ ಸಮೇತ.