ಬಸುರಿ ಬಯಕೆಗೊಂದು ಫ್ರೆಂಚ್ ಮೆನು

ಕುಶಾಲನಗರ ದಾಟಿ ಮಡಿಕೇರಿ ಕಡೆ ಹೊರಟರೆ ಮೊದಲೆಲ್ಲ ಕಾಣುತ್ತಿದ್ದದ್ದು ಹೋಮ್‌ಮೇಡ್ ಚಾಕೊಲೇಟ್, ಜೇನುತುಪ್ಪ, ಕಾಳುಮೆಣಸಿನ ಬೋರ್ಡು. ಈಗ ಅವುಗಳ ನೆತ್ತಿಯ ಮೇಲೆ ಇನ್ನೊಂದು ಎದ್ದಿದೆ: ‘ಬೇಬಿಮೂನ್ ಪ್ಯಾಕೇಜ್, ರೊಮ್ಯಾಂಟಿಕ್ ಫ್ರೆಂಚ್ ಕ್ಯಾಂಡಲ್‌ಲೈಟ್ ಡಿನ್ನರ್ ಸಹಿತ’. ಬೇಬಿಮೂನ್ ಎಂದರೆ ಹೆರಿಗೆಗೆ ಮುಂಚಿನ ಹನಿಮೂನು. ಹೊಟ್ಟೆ ಹಿಡಿದು ನಿಂತ ಹೆಣ್ಣುಮಗಳು, ಅವಳ ಹಿಂದೆ ಐಫೆಲ್ ಗೋಪುರ, ಅದರ ಹಿಂದೆ ನಮ್ಮ ತಡಿಯಂಡಮೋಳ್ ಬೆಟ್ಟ.

ವ್ಯಾಪಾರದ ಲೆಕ್ಕ ಸರಿಯಾಗಿಯೇ ಇದೆ. ಹನಿಮೂನಿಗೆ ಬಂದ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುವುದು ಮಗುವಿಗೆ ದುಬಾರೆಯ ಆನೆ ತೋರಿಸಲು. ನಡುವಿನ ಒಂಬತ್ತು ತಿಂಗಳು ಸುಮ್ಮನೆ ಖಾಲಿ ಹೋಗುತ್ತಿದ್ದವು. ಆ ನಷ್ಟ ತುಂಬಲೆಂದೇ ಪ್ಯಾಕೇಜಿನಲ್ಲಿ ಮಾಂದಲಪಟ್ಟಿ ಬೆಟ್ಟದ ಕುಲುಕಾಟದ ಜೀಪ್ ಸವಾರಿಯನ್ನೂ ಸೇರಿಸಿದ್ದಾರೆ. ಆ ದಾರಿ ಬಲ್ಲವರು ಹೇಳಲಿ, ದಿನ ತುಂಬಿಯೂ ನೋವು ಕಾಣಿಸಿಕೊಳ್ಳದವರಿಗೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಉಂಟೇ?

ನನ್ನ ತಂಗಿಯ ಮಗಳಿಗೆ ಏಳು ತಿಂಗಳು. ಅಳಿಯಂದಿರು ಬೆಂಗಳೂರಿನ ಸಾಫ್ಟ್‌ವೇರಿನವರು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಮ್ಮ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಂಡು ಮಡಿಕೇರಿ ಆಚೆಯ ಒಂದು ರೆಸಾರ್ಟು ಬುಕ್ ಮಾಡಿದ್ದರು. ಹುಡುಗಿ ಬಯಸಿದ್ದು ಬಿಸಿಬಿಸಿ ಕಡಂಬುಟ್ಟು ಎಂಬ ಅಕ್ಕಿ ಕಡುಬು, ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿದ ಮೀನು ಸಾರು. ಆದರೆ ಬಯಕೆ ಯಾರದ್ದಾಗಿರಬೇಕು ಎಂದು ಕಿವಿ ಸೋರುವ ಶಾಸ್ತ್ರದಲ್ಲಿ ಹೇಳಿಲ್ಲವಲ್ಲ! ಬಸುರಿಯನ್ನು ಮಳೆಗಾಲದಲ್ಲಿ ಹಾಗೆಲ್ಲ ಕಳಿಸಬಾರದು ಎಂದು ತಂಗಿ ಹಠ ಹಿಡಿದಿದ್ದರಿಂದ ಆ ರೊಮ್ಯಾಂಟಿಕ್ ಊಟಕ್ಕೆ ಸೋದರಮಾವನಾದ ನಾನೂ ಜೊತೆಯಾದೆ. ‘ಎಕ್ಸ್‌ಟ್ರಾ ಪರ್ಸನ್’ ದರ ಬೇರೆ.

ಜುಲೈ ತಿಂಗಳ ಕೊಡಗಿನಲ್ಲಿ ಕ್ಯಾಂಡಲ್‌ಲೈಟ್ ಡಿನ್ನರಿಗೆ ದುಡ್ಡು ಕೇಳುವವರ ಧೈರ್ಯ ಮೆಚ್ಚಬೇಕು. ಮರ ಬಿದ್ದು ಲೈನ್ ಹರಿದರೆ ಇಲ್ಲಿ ಊರಿಗೆ ಊರೇ ದಿನಗಟ್ಟಲೆ ಅದನ್ನೇ ಉಣ್ಣುತ್ತದೆ. ಇವರ ಏರ್ಪಾಡು ಕಾಫಿ ತೋಟದ ನಡುವೆ, ಸಿಲ್ವರ್ ಓಕ್ ಮರದ ಕೆಳಗೆ, ಬಿಳಿ ಪರದೆಯ ಗುಡಾರದಲ್ಲಿ. ಕುರ್ಚಿ ಇಲ್ಲ. ಮೊಣಕಾಲೆತ್ತರದ ಮೇಜು, ನೆಲದ ಮೇಲೆ ದಿಂಬು. ಹುಡುಗಿಯನ್ನು ಕೂರಿಸಲು ಇಬ್ಬರು, ಎಬ್ಬಿಸಲು ಮೂವರು ಬೇಕಾದರು. ಗಳಿಗೆಗೊಮ್ಮೆ ಎಬ್ಬಿಸಬೇಕಾಯಿತು, ಏಕೆಂದರೆ ಏಳನೇ ತಿಂಗಳಲ್ಲಿ ಬಾತ್‌ರೂಮು ಹತ್ತಿರವಿರಬೇಕು ಎಂಬುದನ್ನು ಪ್ಯಾರಿಸ್ಸಿನಿಂದ ಯಾರೂ ಇವರಿಗೆ ತಿಳಿಸಿರಲಿಲ್ಲ. ಹಿಮೋಗ್ಲೋಬಿನ್ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಹಿಮ್ಮಡಿಯ ಹತ್ತಿರ ಕಚ್ಚಿಕೊಂಡಿದ್ದ ಜಿಗಣೆ ಆ ಚೀಟಿ ಓದಿರಲಿಲ್ಲ.

ಇನ್ನು ಮೆನು. ಮೊದಲು ಬಂದದ್ದು ಲಿವರ್ ಪ್ಯಾಟೆ, ಅಂದರೆ ನುಣ್ಣಗೆ ಅರೆದ ಲಿವರು. ಲಿವರಿನಲ್ಲಿ ವಿಟಮಿನ್ ‘ಎ’ ವಿಪರೀತ, ಗರ್ಭಿಣಿಗೆ ಬೇಡ. ಆಮೇಲೆ ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಹೊರಳಿಸಿದ ಬಸವನಹುಳು. ಶನಿವಾರಸಂತೆ ಕಡೆಯ ಬೆಳೆಗಾರರು ತೋಟಕ್ಕೆ ನುಗ್ಗಿದ ಆಫ್ರಿಕನ್ ಬಸವನಹುಳುಗಳನ್ನು ಹೆಕ್ಕಿ ಹೆಕ್ಕಿ ಉಪ್ಪಿಗೆ ಹಾಕಿದ್ದು ನೆನಪಾಯಿತು. ಜಾತಿ ಬೇರೆ ಇರಬಹುದು, ಹುಡುಗಿಯ ಮುಖ ನೋಡಿ ತಟ್ಟೆಯನ್ನು ವೇಟರನೇ ಹಿಂದಕ್ಕೆ ತೆಗೆದುಕೊಂಡ. ಮುಂದೆ ವೈನಿನಲ್ಲಿ ಬೇಯಿಸಿದ ಕೋಳಿ. ಬಳಿಕ ಮೆತ್ತನೆಯ ಕಮಾಂಬೇರ್ ಚೀಸ್, ‘ಹಸಿ ಹಾಲಿನದ್ದು, ಒರಿಜಿನಲ್’ ಎಂದು ಹೆಮ್ಮೆಯಿಂದ ಹೇಳಿದರು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಬಸುರಿಯರು ಇಂಥ ಚೀಸಿನ ತಂಟೆಗೆ ಹೋಗಬಾರದು ಎಂದು ಡಾಕ್ಟರುಗಳು ಎಚ್ಚರಿಸುವುದು ಇದಕ್ಕೇ. ಕೊನೆಗೆ ಹಸಿ ಮೊಟ್ಟೆಯ ಚಾಕೊಲೇಟ್ ಮೂಸ್. ಬಸುರಿ ತಿನ್ನಬಾರದ್ದನ್ನೆಲ್ಲ ಒಂದೇ ಮೇಜಿನ ಮೇಲೆ ತರಬೇಕೆಂದು ಯಾರಾದರೂ ಕೂತು ಯೋಚಿಸಿದ್ದರೂ ಇಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ.

ಹಾಗಾದರೆ ಜ್ಯೂಸ್ ಕೊಡಿ ಎಂದೆ. ಅನಾನಸ್ ಜ್ಯೂಸ್ ಬಂತು. ಅಷ್ಟರಲ್ಲಿ ವಿಡಿಯೊ ಕಾಲಿನಲ್ಲಿ ಅತ್ತೆಯವರು, “ಅಯ್ಯೋ ಅನಾನಸ್ಸಾ! ಮುಟ್ಟಬೇಡಮ್ಮ!” ಎಂದು ಕೂಗಿಕೊಂಡರು. ಕಾಫಿ ಕೇಳಿದರೆ ವೇಟರನಿಗೆ ಆರೋಗ್ಯಪ್ರಜ್ಞೆ ಜಾಗೃತವಾಯಿತು: “ಮೇಡಂ, ಪ್ರೆಗ್ನೆನ್ಸಿಯಲ್ಲಿ ಕೆಫೀನ್ ಒಳ್ಳೇದಲ್ಲ.” ಸುತ್ತ ಎಕರೆಗಟ್ಟಲೆ ರೊಬಸ್ಟಾ ಕಾಫಿ! ಡಾಕ್ಟರು, ಅತ್ತೆ, ವೇಟರು ಮೂವರೂ ಬೇಡ ಎಂದದ್ದನ್ನು ಕಳೆದ ಮೇಲೆ ಮೇಜಿನ ಮೇಲೆ ಉಳಿದದ್ದು ಬ್ರೆಡ್ಡು, ಬೆಣ್ಣೆ ಮತ್ತು ಮೇಣದಬತ್ತಿ.

ಪಾಪ, ಇದರಲ್ಲಿ ಫ್ರೆಂಚರ ತಪ್ಪೇನೂ ಇಲ್ಲ. ಅವರ ದೇಶದಲ್ಲಿ 2007ರಿಂದ ವೈನ್ ಬಾಟಲಿಯ ಮೇಲೆ ಬಸುರಿಯ ಚಿತ್ರ ಬರೆದು ಅಡ್ಡಗೆರೆ ಎಳೆಯುವುದು, ಇಲ್ಲವೇ ಬಸುರಿಯರಿಗೆ ಎಚ್ಚರಿಕೆಯ ಮಾತು ಬರೆಯುವುದು ಕಡ್ಡಾಯ. ಅವರ ಊಟದ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದು ಮದುವೆ, ಮಗು ಹುಟ್ಟಿದ ಸಂಭ್ರಮದಂಥ ಹೊತ್ತಿನಲ್ಲಿ ನೆಂಟರಿಷ್ಟರೆಲ್ಲ ಸೇರಿ ಉಣ್ಣುವ ಊಟ. ಮಗು ಹುಟ್ಟಿದ ಮೇಲೆ ಸ್ವಾಮಿ, ಹುಟ್ಟುವ ಮುಂಚೆ ಅಲ್ಲ!

ಅಷ್ಟು ಹೊತ್ತಿಗೆ ಅಡುಗೆಮನೆ ಕಡೆಯಿಂದ ಅಕ್ಕಿ ರೊಟ್ಟಿ ಸುಡುವ ವಾಸನೆ ಬಂತು. ಕೆಲಸದ ಹುಡುಗರ ಊಟ. ಹುಡುಗಿ ನನ್ನ ಕಿವಿಯಲ್ಲಿ, “ಮಾವ, ಅದೊಂದು ಕೇಳಿ ನೋಡಿ” ಎಂದಳು. ಕೇಳಿದೆ. ಮ್ಯಾನೇಜರು ಕೈ ಹಿಸುಕಿಕೊಂಡರು: “ಸಾರಿ ಸಾರ್, ಅದು ಸ್ಟಾಫ್ ಫುಡ್. ಗೆಸ್ಟಿಗೆ ಕೊಡೋ ಹಾಗಿಲ್ಲ, ಪಾಲಿಸಿ.” ಮರುದಿನ ಬೆಳಗ್ಗೆ ಅದೇ ರೊಟ್ಟಿ ‘ಕೂರ್ಗ್ ಹೆರಿಟೇಜ್ ಬ್ರೇಕ್‌ಫಾಸ್ಟ್’ ಆಗಿ, ಬಾಳೆಲೆಯ ತುಂಡಿನ ಮೇಲೆ ಕೂತು, ಬೇರೆಯೇ ಬಿಲ್ಲಿನೊಂದಿಗೆ ಬಂತು.

ಆ ತೋಟದ ಬೇಲಿಯಾಚೆ ಕೂಲಿಯವರ ಲೈನ್‌ಮನೆಗಳಿವೆ. ಅಲ್ಲೂ ಬಸುರಿಯರಿದ್ದಾರೆ. ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದು ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ ಕೊಡುತ್ತೇವೆ ಎಂದಿತು. ಡಾಕ್ಟರೂ ಅತ್ತೆಯೂ ಒಟ್ಟಿಗೆ ಒಪ್ಪುವ ಮೆನು ನಾನು ಕಂಡಂತೆ ಅದೊಂದೇ. ಮೂಲ ನಿಯಮ ಮಾತ್ರ, ಅಂಗನವಾಡಿಗೇ ನಡೆದು ಬಂದು ಉಣ್ಣಬೇಕು ಎಂದಿತ್ತು. ಹೀಗಾಗಿ ಕೊಡಗಿನ ಗುಡ್ಡದಲ್ಲಿ ಒಂದು ಮೊಟ್ಟೆಗಾಗಿ ತುಂಬು ಬಸುರಿ ಏರು ಹತ್ತಬೇಕಾಗಿತ್ತು. ಯಾರೂ ತಿನ್ನದ ಚೀಸನ್ನು ಮಾತ್ರ ಇಬ್ಬರು ಕೊಡೆ ಹಿಡಿದು ತೋಟದ ನಡುವಿಗೇ ತಂದಿಡುತ್ತಾರೆ.

ಬ್ರೋಷರಿನಲ್ಲಿ ‘ವೈದ್ಯಕೀಯ ನೆರವು’ ಎಂದೂ ಇತ್ತು. ವಿಚಾರಿಸಿದೆ. 108 ನಂಬರನ್ನು ರಿಸೆಪ್ಷನ್ನಿನಲ್ಲಿ ದಪ್ಪ ಅಕ್ಷರದಲ್ಲಿ ಅಂಟಿಸಿದ್ದಾರಂತೆ. ನೆಟ್‌ವರ್ಕ್ ಹೋದರೆ ಗೇಟಿನಾಚೆಯ ಹಲಸಿನ ಮರದ ಹತ್ತಿರ ಸಿಗುತ್ತದಂತೆ. ಅಲ್ಲೂ ಸಿಗದಿದ್ದರೆ ಜೀಪ್ ಹೇಗೂ ಇದೆಯಲ್ಲ.

ಅಳಿಯಂದಿರು ಮಾತ್ರ ಖುಷಿಯಾಗಿದ್ದರು. ಫೋಟೊಗಳು ಚೆನ್ನಾಗಿ ಬಂದಿದ್ದವು. ರೂಮು ಖಾಲಿ ಮಾಡುವಾಗ ಮ್ಯಾನೇಜರು ಬಾಗಿ, “ಮುಂದಿನ ಸೀಸನ್ನಿಗೆ ಬಾಣಂತನ ಪ್ಯಾಕೇಜ್ ತರ್ತಾ ಇದ್ದೀವಿ ಸಾರ್, ಮೆಕ್ಸಿಕನ್ ಥೀಮ್” ಎಂದರು. ಹುಡುಗಿ ಕಾರಿನ ಬಾಗಿಲು ಹಾಕಿಕೊಂಡಳು. ಅಳಿಯಂದಿರು ಮೆಲ್ಲಗೆ, “ಈಗಲೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಉಂಟಾ?” ಎಂದು ಕೇಳುತ್ತಿದ್ದರು.